ಅತ್ತೆಯ ಹೆಬ್ಬೆರಳ ಮೇಲೆ ಪುಟ್ಟಸ್ವಾಮಿ

ನಮ್ಮ ಮನೆಗೆ ಬಂದವರಿಗೆ ನಾನು ನೀರು ಕೊಡುವ ಮೊದಲು ಬಾತ್‌ರೂಮು ತೋರಿಸುತ್ತೇನೆ. ಬೈಯಪ್ಪನಹಳ್ಳಿಯ ಈ ಫ್ಲ್ಯಾಟಿಗೆ ಬಂದ ಮೇಲಂತೂ ಅದೊಂದು ಚಟವೇ ಆಗಿಬಿಟ್ಟಿದೆ. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ‘ಅಲ್ಲಿ ಎಡಗಡೆ, ಲೈಟಿನ ಸ್ವಿಚ್ಚು ಹೊರಗಿದೆ’ ಎಂದು ಹೇಳಿಬಿಡುತ್ತೇನೆ. ಅವರು ಕಕ್ಕಾಬಿಕ್ಕಿಯಾಗುತ್ತಾರೆ, ನನ್ನ ಮಗಳು ತಲೆ ಚಚ್ಚಿಕೊಳ್ಳುತ್ತಾಳೆ. ಇದು ನನಗೆ ಒಂದು ಗಿಣಿಯಿಂದ ಬಂದ ಬುದ್ಧಿ ಎಂದರೆ ಅವಳು ಇನ್ನಷ್ಟು ಚಚ್ಚಿಕೊಂಡಾಳು ಎಂದು ಸುಮ್ಮನಿದ್ದೇನೆ. ಗಿಣಿಗೆ ಮಾತು ಕಲಿಸಿದವರು ಊರ ತುಂಬ ಇದ್ದಾರೆ. ನಮ್ಮ ಮನೆಯಲ್ಲಿ ಗಿಣಿಗೆ ಕಲಿಸಿದ್ದು ಕಕ್ಕಸ್ಸಿಗೆ ಹೋಗುವುದನ್ನು. ಅದು ಕೊನೆಯವರೆಗೂ ಒಂದು ಮಾತನ್ನೂ ಆಡಲಿಲ್ಲ, ನಾವೂ ಅದರ ಮಾತಿಗಾಗಿ ಕಾಯಲಿಲ್ಲ.

ಆಗ ನಾವಿದ್ದದ್ದು ಲಿಂಗರಾಜಪುರದ ಒಂದು ವಠಾರದಲ್ಲಿ. ನಾಲ್ಕು ಮನೆ, ಹಿತ್ತಲಿನಲ್ಲಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು, ಎಲ್ಲರಿಗೂ ಸೇರಿ ತಗಡಿನ ಬಾಗಿಲಿನ ಒಂದೇ ಒಂದು ಕಕ್ಕಸ್ಸು. ನಮ್ಮ ಮನೆಯೆಂದರೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಪಕ್ಕಕ್ಕೆ ಅಡುಗೆಮನೆ. ಮುಂದಿನ ಕೋಣೆ ಹೆಸರಿಗೆ ಮಾತ್ರ ನಮ್ಮದು, ಅದರ ತುಂಬ ಅಮ್ಮನ ಹೊಲಿಗೆ. ಅಮ್ಮ ಫ್ರೇಜರ್ ಟೌನು, ಕುಕ್ ಟೌನುಗಳ ಕ್ರಿಶ್ಚಿಯನ್ ಮನೆಗಳಿಗೆ ಮದುವೆಯ ಗೌನುಗಳನ್ನೂ, ಚರ್ಚಿನಲ್ಲಿ ಮೊದಲ ಪ್ರಸಾದ ಪಡೆಯುವ ಕಮ್ಯುನಿಯನ್ನಿಗೆ ಹೋಗುವ ಹುಡುಗಿಯರ ಫ್ರಾಕುಗಳನ್ನೂ ಹೊಲಿದುಕೊಡುತ್ತಿದ್ದಳು. ಎಲ್ಲವೂ ಬಿಳಿ. ಬಿಳಿ ಸ್ಯಾಟಿನ್, ಬಿಳಿ ನೆಟ್, ಬಿಳಿ ಲೇಸು. ಬೇರೆ ಮನೆಗಳಲ್ಲಿ ದೇವರ ಕೋಣೆಗೆ ಮಡಿ ಇದ್ದರೆ ನಮ್ಮಲ್ಲಿ ಮಡಿ ಸ್ಯಾಟಿನ್ನಿಗೆ. ಕಾಫಿ ಲೋಟ ಹಿಡಿದು ಮುಂದಿನ ಕೋಣೆಗೆ ಬರುವಂತಿಲ್ಲ, ಸಾರು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಹೊಸ್ತಿಲು ದಾಟುವಂತಿಲ್ಲ, ನಾನು ಇಂಕ್ ಪೆನ್ನನ್ನು ಶಾಲೆಯಲ್ಲೇ ಬಿಟ್ಟು ಬರಬೇಕು. ಬಟ್ಟೆ ಮುಟ್ಟುವ ಮೊದಲು ಅಮ್ಮ ಅಂಗೈಗೆ ಪೌಡರು ಹಾಕಿ ಉಜ್ಜಿಕೊಳ್ಳುತ್ತಿದ್ದಳು. ಈಗಲೂ ಆ ಪೌಡರಿನ ವಾಸನೆ ಬಂದರೆ ನಾನು ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತೇನೆ. ಅಪ್ಪ ಶಿವಾಜಿನಗರದ ಒಂದು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸದಲ್ಲಿದ್ದ. ಸಾಯಂಕಾಲ ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತು ಉಂಡು ಅಲ್ಲೇ ಪೇಪರು ಓದುತ್ತಿದ್ದ. ಅವನಿಗೂ ಮುಂದಿನ ಕೋಣೆಯ ಭಯ ಇತ್ತು.

ಇಂಥ ಮನೆಗೆ ಅತ್ತೆ ಗಿಣಿ ಹಿಡಿದುಕೊಂಡು ಬಂದಳು. ಅತ್ತೆಯೆಂದರೆ ಅಪ್ಪನ ಅಕ್ಕ ರುಕ್ಕಮ್ಮ. ಕೆ.ಆರ್. ಪುರದಲ್ಲಿ ಗಂಡನ ಮನೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕರೆತಂದ, ಅತ್ತೆಯನ್ನು ‘ಸ್ವಲ್ಪ ದಿನ ತಮ್ಮನ ಮನೇಲಿರು’ ಎಂದು ಕಳಿಸಿಕೊಟ್ಟ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿದಿರಿನ ಬುಟ್ಟಿ. ಬುಟ್ಟಿಯೊಳಗೆ ಪುಟ್ಟಸ್ವಾಮಿ. ಮರಿಯಾಗಿದ್ದಾಗ ಗೂಡಿನಿಂದ ಬಿದ್ದು ಒಂದು ರೆಕ್ಕೆ ಮುರಿದುಕೊಂಡಿದ್ದ, ಅತ್ತೆಯೇ ಅನ್ನ ಹಿಸುಕಿ ತಿನ್ನಿಸಿ ಉಳಿಸಿದ್ದಳು. ಗಿಣಿ ಸಾಕುವುದು ಕಾನೂನಿಗೆ ವಿರುದ್ಧವೆಂದು ಈಗ ಗೊತ್ತು. ಆಗಲೂ ವಿರುದ್ಧವೇ ಇದ್ದಿರಬೇಕು, ನಮ್ಮ ವಠಾರಕ್ಕೆ ಆ ಸುದ್ದಿ ತಲುಪಿರಲಿಲ್ಲ. ಅಮ್ಮ ಮೊದಲ ವಾರವೇ ಪಂಜರ ತರಿಸಿದಳು. ಪುಟ್ಟಸ್ವಾಮಿ ಅದರೊಳಗೆ ಕೂತು ಎರಡೇ ದಿನದಲ್ಲಿ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬೋಳಾಗಿಬಿಟ್ಟ. ಅದನ್ನು ನೋಡಲಾಗದೆ ಅಮ್ಮನೇ ಬಾಗಿಲು ತೆಗೆದಳು. ಪಂಜರದಲ್ಲಿ ಈರುಳ್ಳಿ ತುಂಬಿಟ್ಟೆವು. ಗಿಣಿ ಕರ್ಟನ್ನಿನ ಸರಳಿನ ಮೇಲೆ ಸೇರಿಕೊಂಡಿತು, ಅದರ ಕೆಳಗೇ ಅಮ್ಮನ ಕಟಿಂಗ್ ಟೇಬಲ್ಲು.

ನಮ್ಮಮ್ಮ ಕೆಟ್ಟವಳಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಓದುವವರಿಗೆ ಅನುಮಾನ ಬರಬಾರದು. ಅತ್ತೆಯ ತಟ್ಟೆಗೆ ಅವಳು ಯಾವತ್ತೂ ಕಡಿಮೆ ಬಡಿಸಲಿಲ್ಲ. ಆದರೆ ಅವಳ ಬಾಯಿ ಅವಳ ಕತ್ತರಿಯಂತೆ, ಗುರುತು ಹಾಕಿದ ಗೆರೆ ಬಿಟ್ಟು ಆಚೀಚೆ ಹೋಗುತ್ತಿರಲಿಲ್ಲ. ವಠಾರದ ಮಾಲೀಕರು ನಮಗೆ ಮನೆ ಕೊಟ್ಟದ್ದು ಮೂರು ಜನಕ್ಕೆ ಎಂದು. ಬೆಳಿಗ್ಗೆ ಬಕೆಟ್ಟು ಹಿಡಿದು ಕಕ್ಕಸ್ಸಿನ ಮುಂದೆ ನಿಲ್ಲುವ ಸಾಲಿನಲ್ಲಿ ನಾಲ್ಕನೆಯವರೊಬ್ಬರು ಹೆಚ್ಚಾದರೆಂದು ಮೂಲೆಮನೆಯ ಲಲಿತಮ್ಮ ಗೊಣಗಿದ್ದು ಅಮ್ಮನ ಕಿವಿಗೆ ಬಿತ್ತು. ಅವತ್ತೇ ಅತ್ತೆಗೆ ಹೇಳಿದಳು.

“ಅಕ್ಕ, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ಜನ ಏಳೋಕೆ ಮುಂಚೆ ನೀವು ಮುಗಿಸ್ಕೊಂಡ್ಬಿಟ್ರೆ ಒಳ್ಳೇದು. ಇವ್ರೆಲ್ಲ ಲೆಕ್ಕ ಇಡ್ತಾರೆ.”

“ಆಗ್ಲಿ ಸರೋಜ,” ಎಂದಳು ಅತ್ತೆ.

ಅಷ್ಟೇ ಮಾತು. ಆಮೇಲೆ ಅತ್ತೆ ಯಾವಾಗ ಏಳುತ್ತಿದ್ದಳೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಮಲಗುತ್ತಿದ್ದ ನನಗೆ ಗೊತ್ತಾದದ್ದು ಇನ್ನೊಂದು. ಸಾಯಂಕಾಲ ದೀಪ ಹಚ್ಚಿದ ಮೇಲೆ ಅತ್ತೆ ನೀರು ಕುಡಿಯುತ್ತಿರಲಿಲ್ಲ. ಊಟಕ್ಕೆ ಕೂತಾಗ ಲೋಟಕ್ಕೆ ತುಟಿ ತಾಗಿಸಿ ಕೆಳಗಿಡುತ್ತಿದ್ದಳು. ‘ಯಾಕತ್ತೆ?’ ಎಂದರೆ ‘ಬಾಯಾರಿಕೆ ಇಲ್ಲ ಚಿನ್ನಿ’ ಎನ್ನುತ್ತಿದ್ದಳು. ತುಟಿ ಒಡೆದು ಗೆರೆಗೆರೆಯಾಗಿತ್ತು.

ಪುಟ್ಟಸ್ವಾಮಿಗೆ ಇಂಥ ನಾಚಿಕೆಯೆಲ್ಲ ಇರಲಿಲ್ಲ. ಬಂದ ಹತ್ತು ದಿನದಲ್ಲಿ ಒಂದು ಲೇಸಿನ ಕಾಲರು, ಒಂದು ತಲೆಯ ಮುಸುಕು ಹಾಳಾದವು. ಹಾಗಾಗಿ ಅತ್ತೆ ಅದಕ್ಕೆ ಕಲಿಸಲು ಕೂತಳು. ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ. ನಮ್ಮಲ್ಲಿ ಹೆಂಗಸರು ಎಳೆಮಕ್ಕಳಿಗೆ ಕಲಿಸುತ್ತಾರಲ್ಲ, ಕಾಲು ಚಾಚಿ ಕೂತು, ಎರಡು ಪಾದಗಳ ಮೇಲೆ ಮಗುವನ್ನು ಕೂರಿಸಿಕೊಂಡು, ಬಾಯಲ್ಲಿ ‘ಸ್‌ಸ್‌ಸ್’ ಎನ್ನುತ್ತ, ಹಾಗೆ. ಮಕ್ಕಳಾಗಲಿಲ್ಲ ಎಂದು ಅತ್ತೆಯನ್ನು ಕಳಿಸಿಬಿಟ್ಟ ಆ ಮನೆಯಲ್ಲಿ ಮೈದುನಂದಿರ ನಾಲ್ಕು ಮಕ್ಕಳಿಗೂ ಹೀಗೆ ಕಲಿಸಿದ್ದು ಅವಳೇ. ಹಿತ್ತಲ ಬಾಗಿಲ ಮೆಟ್ಟಿಲ ಬಳಿ ಕಾಲು ಚಾಚಿ, ಪಾದಗಳ ಕೆಳಗೆ ಅಪ್ಪನ ಹಳೇ ಪೇಪರು ಹಾಸಿ, ಕಾಲಿನ ಹೆಬ್ಬೆರಳ ಮೇಲೆ ಪುಟ್ಟಸ್ವಾಮಿಯನ್ನು ಕೂರಿಸುತ್ತಿದ್ದಳು. ಅದು ಬಗ್ಗಿ ಪಕ್ಕದ ಬೆರಳಿನ ಬೆಳ್ಳಿಯ ಕಾಲುಂಗುರವನ್ನು ಕಚ್ಚಿ ಕಚ್ಚಿ ನೋಡುತ್ತಿತ್ತು. ಅತ್ತೆ ‘ಸ್‌ಸ್‌ಸ್’ ಎನ್ನುತ್ತಿದ್ದಳು. ಬಾಲ ಎತ್ತಿ ಕೆಲಸ ಮುಗಿಸಿದರೆ ಅರ್ಧ ಹುರಿಗಡಲೆ. ಶಾಲೆಯಿಂದ ಬಂದ ಮೇಲೆ ಕಾವಲು ನನ್ನದು. ಅದು ಒಂದು ಹೆಜ್ಜೆ ಹಿಂದಿಟ್ಟು ಸ್ವಲ್ಪ ಕುಕ್ಕರಿಸಿತೋ, ನಾನು ‘ಅತ್ತೆ’ ಎಂದು ಕೂಗಬೇಕು, ಅತ್ತೆ ಅದನ್ನೆತ್ತಿಕೊಂಡು ಓಡಬೇಕು. ಇಪ್ಪತ್ತು ದಿನದಲ್ಲಿ ಪುಟ್ಟಸ್ವಾಮಿ ‘ಸ್‌ಸ್‌ಸ್’ ಎಂದ ಕೂಡಲೆ ಬಾಲ ಎತ್ತುವಷ್ಟು ಕಲಿತ. ನಮ್ಮ ಹೆಮ್ಮೆ ಹೇಳತೀರದು.

ಆ ಹೆಮ್ಮೆಯಲ್ಲಿ ನಾವು ಒಂದನ್ನು ಮರೆತಿದ್ದೆವು. ಅಮ್ಮ ಇಸ್ತ್ರಿ ಮಾಡುವುದು ಮುಂದಿನ ಕೋಣೆಯಲ್ಲಿ. ಸ್ಯಾಟಿನ್ನಿನ ಮೇಲೆ ಒದ್ದೆ ಮಲ್ಲಿನ ಬಟ್ಟೆ ಹಾಸಿ, ಅದರ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಡುತ್ತಾಳೆ. ಇಟ್ಟರೆ ಏನು ಸದ್ದು ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಶುಕ್ರವಾರ, ಭಾನುವಾರದ ಕಮ್ಯುನಿಯನ್ನಿಗೆ ಕೊಡಬೇಕಾಗಿದ್ದ ಫ್ರಾಕು ಟೇಬಲ್ಲಿನ ಮೇಲಿತ್ತು. ಅಮ್ಮ ಪೆಟ್ಟಿಗೆ ಇಟ್ಟಳು, ‘ಸ್‌ಸ್‌ಸ್’ ಎಂದಿತು. ಸರಳಿನ ಮೇಲಿದ್ದ ಪುಟ್ಟಸ್ವಾಮಿ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಬಾಲ ಎತ್ತಿದ. ಅಮ್ಮ ಅದನ್ನು ಒರೆಸಿ, ನೀರು ಚಿಮುಕಿಸಿ, ಮತ್ತೆ ಪೆಟ್ಟಿಗೆ ಇಟ್ಟಳು. ಮತ್ತೆ ಬಿತ್ತು. ಮೂರನೆಯ ಸಲ ಅಮ್ಮ ಪೆಟ್ಟಿಗೆಯನ್ನು ಎತ್ತಿ ಹಿಡಿದು ಗಿಣಿಯನ್ನು ನೋಡಿದಳು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ಅತ್ತೆಯನ್ನೂ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ನಾನು ನಗಬಾರದಿತ್ತು.

“ಅಕ್ಕ, ಇನ್ನೊಂದೇ ಒಂದು ಸಲ ಬಟ್ಟೆ ಮೇಲೆ ಬಿತ್ತು ಅಂದ್ರೆ ಈ ಗಿಣಿ ನಮ್ಮನೇಲಿರಲ್ಲ. ಶಿವಾಜಿನಗರದಲ್ಲಿ ಹಕ್ಕಿ ಮಾರೋರಿದ್ದಾರೆ, ಇವ್ರ ಕೈಲಿ ಕೊಟ್ಟು ಕಳಿಸ್ಬಿಡ್ತೀನಿ. ಆ ಹುಡುಗಿ ಭಾನುವಾರ ಏನು ಹಾಕ್ಕೊಂಡು ಹೋಗ್ಬೇಕು?”

“ಆಗ್ಲಿ ಸರೋಜ.”

ಆ ಫ್ರಾಕಿನ ಮುಂಭಾಗವನ್ನು ಅಮ್ಮ ಮತ್ತೆ ಕತ್ತರಿಸಿ ಹೊಲಿದಳು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಗಿಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಇದನ್ನ ಕೊಟ್ಬಿಟ್ರೆ ನನ್ ಕೈಲಿ ಇಲ್ಲಿರಕ್ಕಾಗಲ್ಲ ಚಿನ್ನಿ.”

“ಎಲ್ಲಿಗೆ ಹೋಗ್ತೀಯ?”

“ಗೊತ್ತಿಲ್ಲ.”

ಎಂಟು ವರ್ಷದ ನನಗೆ ಆ ‘ಗೊತ್ತಿಲ್ಲ’ ಹೆದರಿಕೆ ಹುಟ್ಟಿಸಿತು. ದೊಡ್ಡವರಿಗೆ ಹೋಗಲು ಜಾಗ ಇಲ್ಲದಿರುವುದು ಸಾಧ್ಯ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಪಾಠ ಮೊದಲಿನಿಂದ ಶುರುವಾಯಿತು. ಈ ಸಲ ಬಾಯಲ್ಲಿ ಸದ್ದಿಲ್ಲ. ಹೆಬ್ಬೆರಳು, ಕಾಲುಂಗುರ, ಪೇಪರು, ಹುರಿಗಡಲೆ, ಅಷ್ಟೇ. ಅದು ಕಾಲುಂಗುರ ಕಚ್ಚಿಯೇ ಬಾಲ ಎತ್ತಬೇಕು, ಬೇರೆಲ್ಲೂ ಎತ್ತಬಾರದು. ಅಮ್ಮ ಇಸ್ತ್ರಿ ಮಾಡುವಾಗ ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಎರಡು ತಿಂಗಳು ಹಿಡಿಯಿತು. ದಸರಾ ರಜೆ ಮುಗಿಯುವ ಹೊತ್ತಿಗೆ ಪುಟ್ಟಸ್ವಾಮಿ ತಾನೇ ಕರ್ಟನ್ನು ಹಿಡಿದು ಇಳಿದು, ನೆಲದ ಮೇಲೆ ತೂರಾಡಿಕೊಂಡು ನಡೆದು ಬಂದು, ಅತ್ತೆ ಎಲ್ಲಿದ್ದರೂ ಹುಡುಕಿ ಅವಳ ಕಾಲುಂಗುರಕ್ಕೆ ಕೊಕ್ಕಿನಿಂದ ಕುಟ್ಟುತ್ತಿದ್ದ. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹಿತ್ತಲಿಗೆ ಹೋಗಿ ಕಾಲು ಚಾಚುತ್ತಿದ್ದಳು. ವಠಾರದವರೆಲ್ಲ ನೋಡಲು ಬಂದರು. ಪಕ್ಕದ ಮನೆಯ ಶಮೀಮ್ ಆಂಟಿ ತನ್ನ ಮೂರು ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿದ್ದಳು.

“ಹಮಾರೆ ಪೊಟ್ಟೇ ಕು ಬೀ ಸಿಕಾದೋ ಆಪಾ. ನಮ್ಮ ಹುಡುಗನಿಗೂ ಕಲ್ಸಿಕೊಡಿ ಅಕ್ಕ, ಇವನು ಇನ್ನೂ ಚಡ್ಡೀಲೇ ಮಾಡ್ತಾನೆ.”

ಅತ್ತೆ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳ ಹಲ್ಲು ಕಂಡದ್ದು ಅವತ್ತೇ ಮೊದಲು. ಅಮ್ಮ ಗಿಣಿಯ ಭಯಕ್ಕೆ ಟೇಬಲ್ಲಿನ ಮೇಲೆ ಹಾಸುತ್ತಿದ್ದ ಹಳೇ ಬೆಡ್‌ಶೀಟನ್ನು ಮಡಿಸಿ ಒಳಗಿಟ್ಟಳು.

ಕ್ರಿಸ್ಮಸ್ಸಿಗೆ ಮುಂಚೆ, ಅಮ್ಮನಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಸಮಯದಲ್ಲಿ, ಅತ್ತೆಯ ಗಂಡನ ಮನೆಯಿಂದ ಹೇಳಿಕಳಿಸಿದರು. ಹಿರಿಯರು ಸೇರುತ್ತಾರೆ, ಬಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋಗಬೇಕು. ಸಂಬಂಧ ಮುಗಿಯಿತು ಎನ್ನುವ ಕಾಗದ. ಅಪ್ಪ ಜೊತೆಗೆ ಬರುತ್ತೇನೆಂದರೆ ಅತ್ತೆ ಬೇಡವೆಂದಳು. ಬೆಳಿಗ್ಗೆ ಆರಕ್ಕೇ ಪುಟ್ಟಸ್ವಾಮಿಯನ್ನು ಹೆಬ್ಬೆರಳ ಮೇಲೆ ಕೂರಿಸಿ ಕೆಲಸ ಮುಗಿಸಿ, ‘ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ’ ಎಂದು ಹೊರಟಳು. ಮಧ್ಯಾಹ್ನ ಬರಲಿಲ್ಲ. ಹಿರಿಯರೊಬ್ಬರು ಊರಲ್ಲಿಲ್ಲ, ನಾಳೆ ಬೆಳಿಗ್ಗೆ ಕಾಗದವಂತೆ, ಅತ್ತೆ ಅಲ್ಲೇ ಉಳಿಯುತ್ತಾಳಂತೆ ಎಂದು ಆ ಕಡೆಯಿಂದ ಬಂದ ಆಟೋದವರೊಬ್ಬರು ಹೇಳಿ ಹೋದರು.

ನಾನು ಶಾಲೆಯಿಂದ ಬಂದಾಗ ಪುಟ್ಟಸ್ವಾಮಿ ಅತ್ತೆಯ ಚಾಪೆಯ ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂತಿದ್ದ. ಸೀಬೆಹಣ್ಣು ಮುಟ್ಟಿರಲಿಲ್ಲ. ಮನೆಯಲ್ಲಿ ಎಲ್ಲಿಯೂ ಒಂದು ಕಲೆ ಇರಲಿಲ್ಲ. ಮೊದಲು ನನಗೆ ಖುಷಿಯಾಯಿತು, ಆಮೇಲೆ ಲೆಕ್ಕ ಹಾಕಿದೆ. ಬೆಳಿಗ್ಗೆ ಆರರಿಂದ ಅದು ತಡೆದುಕೊಂಡಿದೆ. ಪೇಪರು ಹಾಸಿ, ಕಾಲು ಚಾಚಿ, ನನ್ನ ಬೆರಳ ಮೇಲೆ ಕೂರಿಸಿದೆ. ಅದು ಬಗ್ಗಿ ಕಾಲುಂಗುರ ಹುಡುಕಿತು, ಸಿಗದೆ ಇಳಿದು ಹೋಯಿತು. ಬಾಯಲ್ಲಿ ‘ಸ್‌ಸ್‌ಸ್’ ಎಂದೂ ನೋಡಿದೆ. ಅದನ್ನು ನಾವೇ ಮರೆಸಿದ್ದೆವು. ಅಪ್ಪ ಬಂದು ತನ್ನ ದಪ್ಪ ಹೆಬ್ಬೆರಳು ಕೊಟ್ಟ, ಕಚ್ಚಿಸಿಕೊಂಡ. ದೀಪ ಹಚ್ಚುವ ಹೊತ್ತಿಗೆ ಅದರ ಬಾಲ ಉಸಿರಿಗೊಮ್ಮೆ ಅಲುಗಾಡುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು.

“ಅಮ್ಮ, ಇದು ಸತ್ತೋಗತ್ತೆ,” ಎಂದು ನಾನು ಅಳುತ್ತ ಮುಂದಿನ ಕೋಣೆಗೆ ಹೋದೆ. ಕೈ ತೊಳೆದಿರಲಿಲ್ಲ, ಕಾಲು ತೊಳೆದಿರಲಿಲ್ಲ.

ಅಮ್ಮ ಒಂದು ಗೌನಿನ ಅಂಚಿಗೆ ಮುತ್ತು ಪೋಣಿಸುತ್ತಿದ್ದಳು. ಸೂಜಿ ಚುಚ್ಚಿಟ್ಟು ಎದ್ದು ಬಂದು ಗಿಣಿಯ ಮುಂದೆ ನಿಂತಳು.

“ಹೇಗೆ ಕೂತಿದೆ ನೋಡು. ಥೇಟ್ ನಿಮ್ಮತ್ತೆ ಕೂತ್ಕೊಳ್ಳೋ ಹಾಗೆ.”

ಅತ್ತೆ ಮೂಲೆಯಲ್ಲಿ ಮೈಯೆಲ್ಲ ಒಳಗೆಳೆದುಕೊಂಡು ಕೂರುವುದನ್ನು ಅಮ್ಮ ಗಮನಿಸಿದ್ದಳೆಂದು ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಅತ್ತೇನೂ ತಡ್ಕೊಳ್ತಾಳೆ. ಸಾಯಂಕಾಲದ ಮೇಲೆ ನೀರೇ ಕುಡಿಯಲ್ಲ. ನೀನೇ ಹೇಳಿದ್ದಲ್ಲ, ಜನ ಏಳೋಕೆ ಮುಂಚೆ ಮುಗಿಸ್ಕೋಬೇಕು ಅಂತ.”

ಅಮ್ಮ ಸೀರೆಯ ನೆರಿಗೆ ಸ್ವಲ್ಪ ಎತ್ತಿಕೊಂಡು, ಮಂಡಿ ನೋವಿಗೆ ‘ಅಮ್ಮಾ’ ಎನ್ನುತ್ತ, ಅಲ್ಲೇ ನೆಲದ ಮೇಲೆ ಕೂತು ಎರಡೂ ಕಾಲು ಚಾಚಿದಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಅವಳ ಬೆರಳಲ್ಲಿ ಎರಡು ಜೊತೆ ಕಾಲುಂಗುರ ಇದ್ದವು, ಒಂದು ತವರಿನವರು ಹಾಕಿದ್ದು, ಒಂದು ಅಪ್ಪನ ಮನೆಯವರದು. ಗಿಣಿಯನ್ನು ಎತ್ತಿ ಹೆಬ್ಬೆರಳ ಮೇಲೆ ಇಟ್ಟುಕೊಂಡಳು. ಅದು ಬಗ್ಗಿತು, ಕಾಲುಂಗುರಕ್ಕೆ ಕೊಕ್ಕು ತಾಗಿಸಿತು, ಕಚ್ಚಿತು. ಆಮೇಲೆ ಬಾಲ ಎತ್ತಿತು. ಪೇಪರು ಹಾಸುವುದು ಯಾರಿಗೂ ನೆನಪಿರಲಿಲ್ಲ, ಇಡೀ ದಿನದ್ದೆಲ್ಲ ಅಮ್ಮನ ಪಾದದ ಮೇಲೆ, ಸೀರೆಯ ಅಂಚಿನ ಮೇಲೆ ಆಯಿತು. ಒಂದು ಹನಿ ಕಾಫಿಗೆ ಮನೆ ತಲೆಕೆಳಗು ಮಾಡುತ್ತಿದ್ದ ಹೆಂಗಸು ಅದನ್ನು ನೋಡಿ ‘ಅಬ್ಬ’ ಎಂದು ಉಸಿರು ಬಿಟ್ಟಳು. ಗಿಣಿಯ ಬೆನ್ನ ಮೇಲೆ ಒಂದು ಬೆರಳಾಡಿಸಿದಳು. ಅದನ್ನು ಅವಳು ಮುಟ್ಟಿದ್ದು ಅವತ್ತೇ ಮೊದಲು. ಎದ್ದು ಕಾಲು ತೊಳೆದುಕೊಂಡ ಮೇಲೆ ಅವತ್ತು ಅವಳು ಮತ್ತೆ ಹೊಲಿಗೆಗೆ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟರ ಹೊತ್ತಿಗೆ ಅತ್ತೆ ಬಂದಳು. ಹಿರಿಯರು ಬೆಳಗಾಗುತ್ತಿದ್ದಂತೆಯೇ ಸೇರಿ ಕೆಲಸ ಮುಗಿಸಿ ಕಳಿಸಿದ್ದರು. ‘ಆಯ್ತು’ ಎಂದಷ್ಟೇ ಅಪ್ಪನಿಗೆ ಹೇಳಿದಳು. ಮುಖದಲ್ಲಿ ಅಳುವಿನ ಗುರುತಿರಲಿಲ್ಲ. ಪುಟ್ಟಸ್ವಾಮಿ ಓಡೋಡಿ ಬಂದ, ಅತ್ತೆ ಸೀದಾ ಹಿತ್ತಲ ಬಾಗಿಲಿಗೆ ಹೋಗಿ ಕಾಲು ಚಾಚಿದಳು. ಅದು ಹೆಬ್ಬೆರಳು ಹತ್ತಿತು, ಬಗ್ಗಿತು, ಅತ್ತ ನೋಡಿತು, ಇತ್ತ ನೋಡಿತು, ಇಳಿಯಿತು. ಆಗ ನಾನು ನೋಡಿದೆ. ಅತ್ತೆಯ ಬೆರಳು ಬರಿದಾಗಿತ್ತು. ಕಾಲುಂಗುರ ಇದ್ದ ಜಾಗದಲ್ಲಿ ಬಿಳಿಯ ಗೆರೆ ಮಾತ್ರ.

“ಅವ್ರು ಹಾಕಿದ್ದು, ಅವ್ರಿಗೇ ಬಿಚ್ಚಿ ಕೊಟ್ಬಂದೆ,” ಎಂದಳು ಅತ್ತೆ. ಮತ್ತೊಮ್ಮೆ ಗಿಣಿಯನ್ನು ಎತ್ತಿ ಕೂರಿಸಿಕೊಂಡಳು. ಅದು ಮತ್ತೆ ಇಳಿಯಿತು. “ಇದಕ್ಕೂ ನಾನು ಬೇಡವಾದೆ ನೋಡು ಚಿನ್ನಿ.” ಅಲ್ಲಿಯವರೆಗೆ ತಡೆದದ್ದೆಲ್ಲ ಆಗ ಬಂತು. ಮಂಡಿಗೆ ಮುಖ ಕೊಟ್ಟು ಅತ್ತಳು.

ಅಮ್ಮ ಮಷೀನಿನಿಂದ ಎದ್ದು ಬಂದಳು. ನಲ್ಲಿಯ ಹತ್ತಿರ ಕೂತು ಬೆರಳಿಗೆ ಸೋಪು ಹಚ್ಚಿ, ತಿರುಗಿಸಿ ತಿರುಗಿಸಿ, ಒಂದು ಜೊತೆ ಕಾಲುಂಗುರ ಬಿಚ್ಚಿದಳು. ತವರಿನವರು ಹಾಕಿದ ಜೊತೆ. ಗಂಡ ಬದುಕಿರುವಾಗ ಮುತ್ತೈದೆ ಕಾಲುಂಗುರ ಬಿಚ್ಚಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಲ್ಲುಜ್ಜುತ್ತ ನಿಂತಿದ್ದ ಅಪ್ಪ ‘ಸರೋಜಾ’ ಎಂದ.

“ನೀವು ಸುಮ್ನಿರಿ.”

ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಪಾದವನ್ನು ಹಿಡಿದುಕೊಂಡಳು. ಅತ್ತೆ ಎಳೆದುಕೊಳ್ಳಲು ಹೋದಳು. ಅಮ್ಮ ಬಿಡಲಿಲ್ಲ.

“ಬೇಡ ಸರೋಜ. ಯಾರ ಹೆಸ್ರಲ್ಲಿ ಹಾಕ್ಕೊಳ್ಳಿ?”

“ಯಾರ ಹೆಸ್ರೂ ಬೇಡ ಅಕ್ಕ. ಗಿಣಿಗೆ ಬೇಕಲ್ಲ.”

ಎರಡು ಕಾಲಿಗೂ ತೊಡಿಸಿದಳು. ಗಿಣಿ ಬಂದಿತು, ಹತ್ತಿತು, ಕಚ್ಚಿತು, ಬಾಲ ಎತ್ತಿತು. ನಾನು ಹುರಿಗಡಲೆ ತಂದುಕೊಟ್ಟೆ. ಅಮ್ಮ ಎದ್ದು ಸೀರೆ ಸರಿಮಾಡಿಕೊಂಡು ಅತ್ತೆಯ ಮುಖವನ್ನೇ ನೋಡುತ್ತ ನಿಂತಳು.

“ಅಕ್ಕ, ನೀವು ಎಷ್ಟೊತ್ತಿಂದ ತಡ್ಕೊಂಡಿದ್ದೀರ?”

“ಪರ್ವಾಗಿಲ್ಲ ಸರೋಜ. ಈಗ ಜನ ಇದ್ದಾರೆ.”

ಜನ ಇದ್ದರು. ಎಂಟರ ಹೊತ್ತು, ತಗಡಿನ ಬಾಗಿಲ ಮುಂದೆ ಸಾಲು. ಅಮ್ಮ ನಮ್ಮ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದಳು, ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಸಾಲಿನ ಎಲ್ಲರಿಗಿಂತ ಮುಂದೆ ಇಟ್ಟಳು.

“ಇದೇನು ಸರೋಜ, ನಿಮ್ಮನೇದು ಮೂರೂ ಆಯ್ತಲ್ಲ?” ಎಂದಳು ಲಲಿತಮ್ಮ.

“ನಮ್ಮನೇಲಿ ನಾಲ್ಕು ಜನ.”

ಶಮೀಮ್ ಆಂಟಿ ತನ್ನ ಬಕೆಟ್ಟನ್ನು ಕಾಲಲ್ಲಿ ಒಂದು ಗೇಣು ಹಿಂದಕ್ಕೆ ಸರಿಸಿದಳು. ಅತ್ತೆ ಎದ್ದು, ಸೆರಗು ಹೊದ್ದು, ಎಲ್ಲರ ಎದುರಿಗೆ ಹಿತ್ತಲು ದಾಟಿ ಹೋದಳು. ಕಲ್ಲುಚಪ್ಪಡಿಯ ಮೇಲೆ ಅವಳ ಕಾಲುಂಗುರದ ಸದ್ದು ಕೇಳಿಸಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅಮ್ಮ ಪುಟ್ಟಸ್ವಾಮಿಯನ್ನು ಭುಜದ ಮೇಲೆ ಕೂರಿಸಿಕೊಂಡು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನಿಧಾನಕ್ಕೆ ಬನ್ನಿ ಅಕ್ಕ,” ಎಂದಳು. “ಅವಸರ ಏನಿಲ್ಲ.”